ಬಿಲ್ ಪೂರ್ತಿ ಕಟ್ಟಿದರೂ ಕ್ರೆಡಿಟ್ ಸ್ಕೋರ್ ಇಳಿದಿದೆ: ಬಾಕಿ ಮತ್ತು ಮಿತಿಯ ಲೆಕ್ಕ ತಿಳಿದವರು ವಿವರಿಸುವಿರಾ?

ನೀಲಿಶಾಯಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಆರು ವರ್ಷಗಳಿಂದ ಕ್ರೆಡಿಟ್ ಕಾರ್ಡ್ ಬಳಸುತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ ಒಂದು ಬಿಲ್ಲನ್ನೂ ತಡಮಾಡಿ ಕಟ್ಟಿಲ್ಲ, ಒಂದು ತಿಂಗಳೂ ಬಾಕಿ ಉಳಿಸಿಕೊಂಡಿಲ್ಲ, ಬಡ್ಡಿಯೆಂದು ಬಿಡಿಗಾಸನ್ನೂ ಕೊಟ್ಟಿಲ್ಲ. ಹೀಗಿದ್ದೂ ಕಳೆದ ವಾರ ಕ್ರೆಡಿಟ್ ಸ್ಕೋರ್ ನೋಡಿದಾಗ 781 ಇದ್ದದ್ದು 739ಕ್ಕೆ ಇಳಿದಿತ್ತು. ಇನ್ನೆರಡು ತಿಂಗಳಲ್ಲಿ ಗೃಹಸಾಲಕ್ಕೆ ಅರ್ಜಿ ಹಾಕಬೇಕೆಂದಿರುವುದರಿಂದ ಇದು ನನ್ನನ್ನು ನಿಜಕ್ಕೂ ಚಿಂತೆಗೆ ಹಚ್ಚಿದೆ.

ನನ್ನ ಬಳಿ ಎರಡು ಕಾರ್ಡ್‌ಗಳಿವೆ. ಮೊದಲನೆಯದರ ಮಿತಿ 1,00,000. ಎರಡನೆಯದರ ಮಿತಿ 2,00,000. ಕಳೆದ ತಿಂಗಳು ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಮೊದಲನೆಯ ಕಾರ್ಡ್‌ನಿಂದ ಕೊಟ್ಟಿದ್ದರಿಂದ ಅದರ ಬಿಲ್ 78,000 ಬಂದಿತ್ತು. ಎರಡನೆಯದರಲ್ಲಿ ಕೇವಲ 6,000. ಎರಡನ್ನೂ ಕೊನೆಯ ದಿನಕ್ಕೆ ಮೊದಲೇ ಪೂರ್ತಿಯಾಗಿ ಕಟ್ಟಿದ್ದೇನೆ. ಮಿತಿಯ ಶೇ. 30ರೊಳಗೆ ಬಳಕೆ ಇದ್ದರೆ ಸ್ಕೋರ್‌ಗೆ ತೊಂದರೆಯಿಲ್ಲ ಎಂದು ಓದಿದ್ದೆ. ಒಟ್ಟು ಮೂರು ಲಕ್ಷಕ್ಕೆ 84,000 ಎಂದರೆ ಶೇ. 28 ಆಗುತ್ತದೆ. ಆ ಗೆರೆಯನ್ನು ನಾನು ದಾಟಿಲ್ಲ. ಹಾಗಾದರೆ ಈ ಇಳಿತ ಎಲ್ಲಿಂದ ಬಂತು?

ಇದಕ್ಕೆ ಸಂಬಂಧವಿದೆಯೋ ಇಲ್ಲವೋ ತಿಳಿಯದು, ಮೂರು ತಿಂಗಳ ಹಿಂದೆ ಬಳಸದೇ ಬಿಟ್ಟಿದ್ದ ಮೂರನೆಯ ಕಾರ್ಡೊಂದನ್ನು ಮುಚ್ಚಿಸಿದ್ದೆ. ಅದರ ಮಿತಿ 1,50,000 ಇತ್ತು. ಇನ್ನೊಂದು ವಿಷಯ: ಪ್ರತಿ ತಿಂಗಳೂ ಸ್ವಲ್ಪ ಬಾಕಿ ಉಳಿಸಿಕೊಂಡು ಒಂದಿಷ್ಟು ಬಡ್ಡಿ ಕಟ್ಟಿದರೆ ಸ್ಕೋರ್ ಏರುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಇದು ನಿಜವೇ?

ಲೆಕ್ಕದಪುಸ್ತಕ

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಿಂದ ನಿಮಗೆ ಹಣ ನಷ್ಟವಾಗುವ ಸಾಧ್ಯತೆಯಿದೆ. ಬಡ್ಡಿ ಕಟ್ಟುವುದಕ್ಕೂ ಸ್ಕೋರ್‌ಗೂ ಯಾವ ಸಂಬಂಧವೂ ಇಲ್ಲ. ನೀವು ಎಷ್ಟು ಬಡ್ಡಿ ಕೊಟ್ಟಿರಿ ಎಂಬ ಅಂಶವನ್ನು ಸ್ಕೋರ್ ಲೆಕ್ಕಹಾಕುವ ಸೂತ್ರಗಳು ಪರಿಗಣಿಸುವುದೇ ಇಲ್ಲ. ಬಾಕಿ ಉಳಿಸಿಕೊಂಡ ಕೂಡಲೇ ಬಡ್ಡಿರಹಿತ ಅವಧಿಯ ಸೌಲಭ್ಯ ಸಾಮಾನ್ಯವಾಗಿ ಕೈತಪ್ಪುತ್ತದೆ, ಆಮೇಲೆ ಮಾಡುವ ಹೊಸ ಖರೀದಿಗಳ ಮೇಲೂ ಖರೀದಿಸಿದ ದಿನದಿಂದಲೇ ಬಡ್ಡಿ ಬೀಳತೊಡಗುತ್ತದೆ. ನಿಮ್ಮ ಸಹೋದ್ಯೋಗಿ ಸದುದ್ದೇಶದಿಂದಲೇ ಹೇಳಿರಬಹುದು. ಆದರೂ ಆ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ.

ಈಗ ಇಳಿತದ ವಿಷಯ. ನೀವು ಕೊನೆಯ ದಿನಕ್ಕೆ ಮೊದಲೇ ಹಣ ಕಟ್ಟಿದ್ದೀರಿ, ಸರಿ. ಆದರೆ ಕಾರ್ಡ್ ಕೊಟ್ಟ ಬ್ಯಾಂಕು ಕ್ರೆಡಿಟ್ ಬ್ಯೂರೋಗೆ, ಅಂದರೆ ಜನರ ಸಾಲದ ದಾಖಲೆ ಇಡುವ ಸಂಸ್ಥೆಗೆ, ನಿಮ್ಮ ಬಾಕಿಯನ್ನು ವರದಿ ಮಾಡುವುದು ಸಾಮಾನ್ಯವಾಗಿ ಸ್ಟೇಟ್‌ಮೆಂಟ್ ಸಿದ್ಧವಾಗುವ ದಿನದ ಲೆಕ್ಕದಲ್ಲಿ. ಸ್ಟೇಟ್‌ಮೆಂಟಿನ ದಿನಕ್ಕೂ ಹಣ ಕಟ್ಟಲು ಇರುವ ಕೊನೆಯ ದಿನಕ್ಕೂ ನಡುವೆ ಸುಮಾರು ಮೂರು ವಾರಗಳ ಅಂತರವಿರುತ್ತದೆ. ನೀವು ಹಣ ಕಟ್ಟುವ ಹೊತ್ತಿಗೆ 78,000 ಎಂಬ ಅಂಕಿ ಬ್ಯೂರೋದ ದಾಖಲೆ ಸೇರಿಯಾಗಿರುತ್ತದೆ. ಆಗಾಗ ನಿಮ್ಮ ಖಾತೆಯ ಛಾಯಾಚಿತ್ರ ತೆಗೆಯುತ್ತಾರೆ ಎಂದುಕೊಳ್ಳಿ. ಚಿತ್ರ ತೆಗೆದ ಕ್ಷಣದಲ್ಲಿ ಇದ್ದ ಬಾಕಿ ಮಾತ್ರ ಅದರಲ್ಲಿ ಕಾಣುತ್ತದೆ. ಅದನ್ನು ನೀವು ಹತ್ತು ದಿನಗಳಲ್ಲಿ ತೀರಿಸಿದಿರೋ, ಹತ್ತು ತಿಂಗಳು ಎಳೆದಿರೋ ಎಂಬುದು ಆ ಒಂದು ಚಿತ್ರದಿಂದ ತಿಳಿಯುವುದಿಲ್ಲ.

ಎರಡನೆಯ ಕಾರಣ ನೀವು ಮಾಡಿದ ಲೆಕ್ಕದಲ್ಲೇ ಇದೆ. ಬಳಕೆಯ ಪ್ರಮಾಣವನ್ನು, ಅಂದರೆ ಮಿತಿಯಲ್ಲಿ ಶೇಕಡಾ ಎಷ್ಟು ಭಾಗ ಬಾಕಿಯಿದೆ ಎಂಬುದನ್ನು, ಎರಡು ರೀತಿಯಲ್ಲಿ ನೋಡಲಾಗುತ್ತದೆ: ಎಲ್ಲ ಕಾರ್ಡ್‌ಗಳನ್ನೂ ಕೂಡಿಸಿ ಒಮ್ಮೆ, ಒಂದೊಂದು ಕಾರ್ಡನ್ನೂ ಬೇರೆಬೇರೆಯಾಗಿ ಇನ್ನೊಮ್ಮೆ. ನಿಮ್ಮ ಒಟ್ಟು ಪ್ರಮಾಣ ಶೇ. 28 ಇರಬಹುದು, ಆದರೆ ಮೊದಲನೆಯ ಕಾರ್ಡ್‌ನದು ಶೇ. 78. ಒಂದು ಕಾರ್ಡ್ ತನ್ನ ಮಿತಿಯ ಹತ್ತಿರಕ್ಕೆ ಬಂದಿದೆ ಎಂಬುದನ್ನು ಸೂತ್ರಗಳು ಅಪಾಯದ ಸೂಚನೆ ಎಂದೇ ಓದುತ್ತವೆ. ಆ ಖರ್ಚು ತಾಯಿಯ ಚಿಕಿತ್ಸೆಗಾಗಿತ್ತು, ಅದಕ್ಕೆ ಬೇಕಾದ ಹಣ ನಿಮ್ಮ ಉಳಿತಾಯ ಖಾತೆಯಲ್ಲಿತ್ತು ಎಂಬುದು ಸೂತ್ರಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ನಿಮ್ಮ ಆದಾಯ, ಉಳಿತಾಯ ಯಾವುದೂ ಕ್ರೆಡಿಟ್ ಸ್ಕೋರ್‌ನ ಲೆಕ್ಕದೊಳಗೆ ಬರುವುದಿಲ್ಲ.

ಮೂರನೆಯದು, ಸಂಬಂಧವಿದೆಯೋ ಇಲ್ಲವೋ ಎಂದು ನೀವು ಅನುಮಾನಿಸಿದ ಆ ಮುಚ್ಚಿದ ಕಾರ್ಡ್. ಸಂಬಂಧ ಖಂಡಿತ ಇದೆ. ಅದು ಉಳಿದಿದ್ದರೆ ನಿಮ್ಮ ಒಟ್ಟು ಮಿತಿ 4,50,000 ಇರುತ್ತಿತ್ತು, ಅದೇ 84,000 ಬಾಕಿಗೆ ಬಳಕೆಯ ಪ್ರಮಾಣ ಶೇ. 19ರ ಒಳಗೇ ಇರುತ್ತಿತ್ತು. ಖರ್ಚು ಒಂದಿಷ್ಟೂ ಹೆಚ್ಚದೆ ಪ್ರಮಾಣ ಮಾತ್ರ ಹೆಚ್ಚಾಗಿದೆ. ವಾರ್ಷಿಕ ಶುಲ್ಕವಿಲ್ಲದ ಹಳೆಯ ಕಾರ್ಡನ್ನು ಸುಮ್ಮನೆ ಇಟ್ಟುಕೊಂಡು, ಅದರಲ್ಲಿ ವರ್ಷಕ್ಕೆ ಎರಡು ಮೂರು ಸಣ್ಣ ಖರೀದಿ ಮಾಡುವುದು ಒಳ್ಳೆಯದು ಎನ್ನುವುದು ಇದೇ ಕಾರಣಕ್ಕೆ.

ಜಗತ್ತಿನಲ್ಲಿ ಹೆಚ್ಚು ಪರಿಚಿತವಾಗಿರುವ, 1989ರಲ್ಲಿ ಬಂದ, ಅಮೆರಿಕದ ಫೈಕೋ ಕಂಪನಿಯ ಸ್ಕೋರ್‌ನಲ್ಲಿ ಯಾವ ಅಂಶಕ್ಕೆ ಎಷ್ಟು ತೂಕ ಎಂಬುದನ್ನು ಆ ಕಂಪನಿಯೇ ಪ್ರಕಟಿಸಿದೆ. ಪಾವತಿಯ ಇತಿಹಾಸಕ್ಕೆ ಶೇ. 35, ಬಾಕಿಯಿರುವ ಮೊತ್ತಗಳಿಗೆ ಶೇ. 30, ಸಾಲದ ಇತಿಹಾಸ ಎಷ್ಟು ಹಳೆಯದು ಎಂಬುದಕ್ಕೆ ಶೇ. 15, ಹೊಸ ಸಾಲಗಳಿಗೆ ಶೇ. 10, ಸಾಲಗಳ ವೈವಿಧ್ಯಕ್ಕೆ ಶೇ. 10. ಬಳಕೆಯ ಪ್ರಮಾಣ ಬರುವುದು ಆ ಎರಡನೆಯ ಗುಂಪಿನೊಳಗೆ. ಬೇರೆ ಸಂಸ್ಥೆಗಳ ಸ್ಕೋರ್‌ಗಳು ಬೇರೆ ತೂಕ ಕೊಡುತ್ತವೆಯಾದರೂ, ಸಮಯಕ್ಕೆ ಸರಿಯಾಗಿ ಕಟ್ಟುವುದು ಮತ್ತು ಮಿತಿಯಲ್ಲಿ ಎಷ್ಟು ಬಳಸಿದ್ದೀರಿ ಎಂಬುದು, ಈ ಎರಡಕ್ಕೆ ಎಲ್ಲೆಡೆಯೂ ದೊಡ್ಡ ಸ್ಥಾನವಿದೆ.

ನಿಮಗೆ ಸಮಾಧಾನದ ಮಾತೂ ಒಂದಿದೆ. ತಡವಾದ ಪಾವತಿಯ ಕಲೆ ವರದಿಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬಳಕೆಯ ಪ್ರಮಾಣ ಹಾಗಲ್ಲ. ಮುಂದಿನ ಸ್ಟೇಟ್‌ಮೆಂಟ್‌ನಲ್ಲಿ ಕಡಿಮೆ ಬಾಕಿ ವರದಿಯಾದರೆ ಸ್ಕೋರ್ ಆ ಹೊಸ ಅಂಕಿಯನ್ನು ಆಧರಿಸಿ ಮೇಲೇಳುತ್ತದೆ. ನಿಮಗೆ ಇನ್ನೂ ಎರಡು ತಿಂಗಳು ಸಮಯವಿದೆ. ಎರಡೂ ಕಾರ್ಡ್‌ಗಳ ಸ್ಟೇಟ್‌ಮೆಂಟ್ ಯಾವ ದಿನ ಸಿದ್ಧವಾಗುತ್ತದೆ ಎಂದು ನೋಡಿಕೊಂಡು, ಅದಕ್ಕೆ ಮೂರು ನಾಲ್ಕು ದಿನ ಮೊದಲೇ ಹಣ ಕಟ್ಟಿಬಿಡಿ. ಕಟ್ಟಿದ ಹಣ ಖಾತೆಗೆ ಜಮೆಯಾಗಲು ಒಂದೆರಡು ದಿನ ಹಿಡಿಯಬಹುದು, ಆದ್ದರಿಂದ ಹಿಂದಿನ ದಿನದವರೆಗೆ ಕಾಯಬೇಡಿ.

ಹೊಸಹೊತ್ತು

ಲೆಕ್ಕದಪುಸ್ತಕ ಅವರು ವಿವರವಾಗಿ ಹೇಳಿದ್ದಾರೆ. ಶೇ. 30 ಎಂಬ ಗೆರೆಯ ಬಗ್ಗೆ ಮಾತ್ರ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಅದನ್ನು ಕಾನೂನಿನಂತೆ ನಂಬಿದವರು ಬಹಳ ಮಂದಿ. ಶೇ. 29 ಇದ್ದರೆ ಕ್ಷೇಮ, ಶೇ. 31 ಆದರೆ ಅಪಾಯ ಎಂಬಂತಹ ಗೋಡೆ ಅಲ್ಲೇನೂ ಇಲ್ಲ. ಸಾಮಾನ್ಯವಾಗಿ ಪ್ರಮಾಣ ಏರಿದಂತೆಲ್ಲ ಸ್ಕೋರ್ ಹಂತಹಂತವಾಗಿ ಇಳಿಯುತ್ತದೆ. ಶೇ. 30 ಎಂಬುದು ನೆನಪಿಟ್ಟುಕೊಳ್ಳಲು ಸುಲಭವಾದ ಅಂದಾಜು, ಅಷ್ಟೇ. ಅತ್ಯುತ್ತಮ ಸ್ಕೋರ್ ಇರುವವರ ಬಳಕೆ ಸಾಮಾನ್ಯವಾಗಿ ಶೇ. 10ಕ್ಕಿಂತ ಕೆಳಗೆ, ಒಂದಂಕಿಯಲ್ಲಿರುತ್ತದೆ.

ಹಾಗೆಂದು ಎಲ್ಲ ಕಾರ್ಡ್‌ಗಳಲ್ಲೂ ಶೂನ್ಯ ಕಾಣಿಸಬೇಕೆಂದು ಹಟ ಹಿಡಿಯುವ ಅಗತ್ಯವೂ ಇಲ್ಲ. ಕೆಲವು ಸೂತ್ರಗಳಲ್ಲಿ ಎಲ್ಲ ಕಾರ್ಡ್‌ಗಳೂ ಶೂನ್ಯವಿರುವುದಕ್ಕಿಂತ ಒಂದು ಕಾರ್ಡ್‌ನಲ್ಲಿ ಸಣ್ಣ ಮೊತ್ತ ಕಾಣುವುದು ತುಸು ಹೆಚ್ಚು ಅಂಕ ತರುತ್ತದೆ. ಕಾರ್ಡ್ ಬಳಕೆಯಲ್ಲಿದೆ, ಹಿಡಿತದಲ್ಲೂ ಇದೆ ಎಂಬುದು ಅದರಿಂದ ತಿಳಿಯುತ್ತದೆ. ಪ್ರಾಯಶಃ ನಿಮ್ಮ ಸಹೋದ್ಯೋಗಿಯ ಸಲಹೆ ಹುಟ್ಟಿದ್ದು ಇಲ್ಲಿಯೇ. ಸ್ಟೇಟ್‌ಮೆಂಟ್‌ನಲ್ಲಿ ಸ್ವಲ್ಪ ಬಾಕಿ ಕಾಣಲಿ ಎಂಬ ಮಾತು ಬಾಯಿಂದ ಬಾಯಿಗೆ ದಾಟುತ್ತ, ಕೊನೆಯ ದಿನದ ನಂತರವೂ ಬಾಕಿ ಉಳಿಸಿಕೊಳ್ಳಬೇಕು ಎಂದಾಗಿಬಿಟ್ಟಿದೆ. ಇವೆರಡರ ನಡುವಿನ ಅಂತರವೇ ಬಡ್ಡಿ.

ನೀಲಿಶಾಯಿ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಸ್ಟೇಟ್‌ಮೆಂಟ್ ದಿನಕ್ಕೂ ಪಾವತಿಯ ಕೊನೆಯ ದಿನಕ್ಕೂ ಇಷ್ಟು ವ್ಯತ್ಯಾಸವಿದೆ ಎಂಬುದನ್ನು ಆರು ವರ್ಷಗಳಲ್ಲಿ ನಾನು ಗಮನಿಸಿರಲೇ ಇಲ್ಲ. ಎರಡು ಉಪಪ್ರಶ್ನೆಗಳಿವೆ. ಮೊದಲ ಕಾರ್ಡ್‌ನ ಮಿತಿಯನ್ನು ಹೆಚ್ಚಿಸುವಂತೆ ಈಗ ಕೇಳಬಹುದೇ? ಮತ್ತು, ನನ್ನ ತಂಗಿಯ ಎರಡು ಕಾರ್ಡ್‌ಗಳಲ್ಲಿ ನಿಜವಾಗಿಯೂ ಬಾಕಿ ಉಳಿದಿದೆ. ಆಕೆ ಪ್ರತಿ ತಿಂಗಳೂ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಿದ್ದಾಳೆ. ಒಂದರಲ್ಲಿ 50,000 ಮಿತಿಗೆ 45,000, ಇನ್ನೊಂದರಲ್ಲಿ 2,00,000 ಮಿತಿಗೆ 60,000 ಬಾಕಿಯಿದೆ. ಎರಡನೆಯದರ ಬಡ್ಡಿ ದರ ಹೆಚ್ಚು. ಆಕೆಗೂ ನಾನು ಇದೇ ಸ್ಟೇಟ್‌ಮೆಂಟ್ ದಿನದ ಉಪಾಯ ಹೇಳಬಹುದೇ?

ಲೆಕ್ಕದಪುಸ್ತಕ

ಮಿತಿಯ ಬಗ್ಗೆ ಮಾತ್ರ ಉತ್ತರಿಸುತ್ತೇನೆ. ಕೇಳಬಹುದು, ಆದರೆ ಕೇಳುವ ಮೊದಲು ಬ್ಯಾಂಕನ್ನು ಒಂದು ಪ್ರಶ್ನೆ ಕೇಳಿ: ಈ ಕೋರಿಕೆಗಾಗಿ ನೀವು ಬ್ಯೂರೋದಿಂದ ನನ್ನ ವರದಿಯನ್ನು ತರಿಸುತ್ತೀರಾ, ಅದು ಹೊಸ ಸಾಲದ ವಿಚಾರಣೆ ಎಂದು ದಾಖಲಾಗುತ್ತದೆಯೇ? ದಾಖಲಾಗುತ್ತದೆ ಎಂದರೆ ಸ್ಕೋರ್ ತುಸು ಇಳಿಯಬಹುದು, ಹಾಗಾಗಿ ಗೃಹಸಾಲದ ಅರ್ಜಿ ಮುಗಿಯುವವರೆಗೆ ಆ ಯೋಚನೆಯನ್ನು ಬದಿಗಿಡಿ. ಇಲ್ಲ ಎಂದರೆ ಕೇಳುವುದರಿಂದ ನಷ್ಟವಿಲ್ಲ. ಅಂದ ಹಾಗೆ, ನಿಮ್ಮ ಸ್ಕೋರನ್ನು ನೀವೇ ಎಷ್ಟು ಸಲ ನೋಡಿಕೊಂಡರೂ ಅದರಿಂದ ಅಂಕ ಕಡಿಮೆಯಾಗುವುದಿಲ್ಲ. ಅದಕ್ಕೆ ಹೆದರಿ ವರದಿಯನ್ನೇ ನೋಡದೆ ಇರುವವರನ್ನು ಕಂಡಿದ್ದೇನೆ.

ಕೊನೆಯಕಂತು

ನಿಮ್ಮ ತಂಗಿಯ ವಿಷಯಕ್ಕೆ ನಾನು ಉತ್ತರಿಸಲೇಬೇಕು, ಏಕೆಂದರೆ ಆಕೆ ಇಂದು ಇರುವ ಜಾಗದಲ್ಲಿ ನಾಲ್ಕು ವರ್ಷಗಳ ಹಿಂದೆ ನಾನಿದ್ದೆ.

ಸ್ಟೇಟ್‌ಮೆಂಟ್‌ಗೆ ಮೊದಲೇ ಕಟ್ಟುವ ಉಪಾಯ ಹಣ ಕೈಯಲ್ಲಿರುವವರಿಗೆ. ಅವರಿಗೆ ಅದು ಬರೀ ದಿನಾಂಕದ ಹೊಂದಾಣಿಕೆ. ಬಾಕಿ ನಿಜವಾಗಿಯೂ ಇರುವವರಿಗೆ ಯಾವ ದಿನ ಚಿತ್ರ ತೆಗೆದರೂ ಅದೇ ಮುಖ ಕಾಣುತ್ತದೆ. ಕನಿಷ್ಠ ಮೊತ್ತವನ್ನು ತಪ್ಪದೆ ಕಟ್ಟುತ್ತಿರುವುದರಿಂದ ಆಕೆಯ ಪಾವತಿಯ ಇತಿಹಾಸ ಕೆಡದೆ ಉಳಿದಿದೆ. ಇದು ಸಣ್ಣ ಸಂಗತಿಯಲ್ಲ, ಅದನ್ನು ಆಕೆ ಯಾವ ಕಾರಣಕ್ಕೂ ಬಿಡಬಾರದು. ಆದರೆ ಕನಿಷ್ಠ ಮೊತ್ತದ ಬಹುಪಾಲು ಬಡ್ಡಿಗೇ ಹೋಗುವುದರಿಂದ ಅಸಲು ಕರಗುವುದೇ ಇಲ್ಲ, ಅಸಲು ಕರಗದಿದ್ದರೆ ಬಳಕೆಯ ಪ್ರಮಾಣವೂ ಇಳಿಯುವುದಿಲ್ಲ.

ಇಲ್ಲಿ ಸ್ಕೋರ್ ಒಂದು ಕಡೆಗೆ ಎಳೆಯುತ್ತದೆ, ಹಣ ಇನ್ನೊಂದು ಕಡೆಗೆ ಎಳೆಯುತ್ತದೆ. ಸ್ಕೋರನ್ನಷ್ಟೇ ನೋಡಿದರೆ, ಮಿತಿಯ ಶೇ. 90 ತುಂಬಿರುವ ಮೊದಲ ಕಾರ್ಡನ್ನು ಮೊದಲು ಇಳಿಸಬೇಕು. ಅಲ್ಲಿ ಕಟ್ಟಿದ ಪ್ರತಿಯೊಂದು ಮೊತ್ತವೂ ಪ್ರಮಾಣವನ್ನು ಬೇಗ ತಗ್ಗಿಸುತ್ತದೆ. ಹಣವನ್ನು ನೋಡಿದರೆ ಬಡ್ಡಿ ಹೆಚ್ಚಿರುವ ಎರಡನೆಯದನ್ನು ಮೊದಲು ತೀರಿಸಬೇಕು. ಸದ್ಯದಲ್ಲಿ ಆಕೆ ಯಾವ ದೊಡ್ಡ ಸಾಲಕ್ಕೂ ಅರ್ಜಿ ಹಾಕುವುದಿಲ್ಲವಾದರೆ, ಹೆಚ್ಚು ಬಡ್ಡಿಯ ಕಾರ್ಡನ್ನೇ ಮೊದಲು ತೀರಿಸಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸ್ಕೋರ್ ಹಿಂದಿನಿಂದ ತಾನಾಗಿ ಬರುತ್ತದೆ, ಕೊಟ್ಟ ಬಡ್ಡಿ ಮಾತ್ರ ಮರಳಿ ಬರುವುದಿಲ್ಲ. ಹಾಗೆ ಮಾಡುವಾಗಲೂ ಮೊದಲ ಕಾರ್ಡನ್ನು ಸುಮ್ಮನೆ ಬಿಡುವಂತಿಲ್ಲ: ಅದರಲ್ಲಿ ಉಳಿದಿರುವುದು ಕೇವಲ 5,000. ಒಂದು ಶುಲ್ಕವೋ, ಒಂದು ತಿಂಗಳ ಬಡ್ಡಿಯೋ ಸೇರಿ ಮಿತಿ ದಾಟಿದರೆ ಮತ್ತೊಂದು ದಂಡ ಬೀಳಬಹುದು. ಅದರಲ್ಲಿ ಹೊಸ ಖರೀದಿಯನ್ನು ಇಂದೇ ನಿಲ್ಲಿಸಲಿ.

ನಾನು ಮಾಡಿದ್ದು ಏನೆಂದರೆ, ಕಾರ್ಡ್‌ಗಳ ಬಾಕಿಯನ್ನೆಲ್ಲ ಕಡಿಮೆ ಬಡ್ಡಿಯ ಒಂದು ವೈಯಕ್ತಿಕ ಸಾಲಕ್ಕೆ ಬದಲಾಯಿಸಿಕೊಂಡೆ. ಬಳಕೆಯ ಪ್ರಮಾಣವನ್ನು ಲೆಕ್ಕ ಹಾಕುವುದು ಕಾರ್ಡ್‌ನಂತೆ ಮತ್ತೆ ಮತ್ತೆ ತೆಗೆದು ಕಟ್ಟುವ ಸಾಲಗಳಿಗೆ. ಕಂತಿನ ಸಾಲವನ್ನು ಬೇರೆಯಾಗಿ ನೋಡುತ್ತಾರೆ. ಹಾಗಾಗಿ ಕಾರ್ಡ್‌ಗಳ ಪ್ರಮಾಣ ಒಮ್ಮೆಲೇ ಶೂನ್ಯಕ್ಕೆ ಬಂತು. ಹೊಸ ಸಾಲದ ವಿಚಾರಣೆಯಿಂದ ಆರಂಭದಲ್ಲಿ ತುಸು ಇಳಿದ ಸ್ಕೋರ್, ಎರಡು ಮೂರು ತಿಂಗಳಲ್ಲಿ ಮೊದಲಿಗಿಂತ ಚೆನ್ನಾಗಿ ಮೇಲೆದ್ದಿತು. ಆದರೆ ಖಾಲಿಯಾದ ಕಾರ್ಡ್ ಕೈಯಲ್ಲಿರುವುದು ಎಂತಹ ಸೆಳೆತ ಎಂಬುದನ್ನು ಅನುಭವಿಸಿಯೇ ತಿಳಿಯಬೇಕು. ಐದನೆಯ ತಿಂಗಳಲ್ಲಿ ನಾನು ಮತ್ತೆ ಕಾರ್ಡ್ ಬಳಸತೊಡಗಿದೆ, ವರ್ಷ ತುಂಬುವುದರೊಳಗೆ ಸಾಲದ ಕಂತೂ ಇತ್ತು, ಕಾರ್ಡ್‌ನ ಬಾಕಿಯೂ ಇತ್ತು. ಅದರಿಂದ ಹೊರಬರಲು ಇನ್ನೆರಡು ವರ್ಷ ಬೇಕಾಯಿತು. ನಿಮ್ಮ ತಂಗಿ ಈ ದಾರಿ ಹಿಡಿದರೆ ಕಾರ್ಡ್‌ಗಳನ್ನು ಮುಚ್ಚಿಸದೆ, ಆದರೆ ಕೈಗೆ ಸಿಗದಂತೆ ಎಲ್ಲಾದರೂ ಎತ್ತಿಡಲಿ. ಆನ್‌ಲೈನ್ ಅಂಗಡಿಗಳಲ್ಲಿ ಉಳಿಸಿಟ್ಟ ಕಾರ್ಡ್ ವಿವರಗಳನ್ನೂ ಅಳಿಸಲಿ. ಬೇಕಾದರೆ ನೀವು ಅಣ್ಣನಾಗಿ ಅವನ್ನು ಇಟ್ಟುಕೊಳ್ಳಿ.

ಕಾರ್ಡ್‌ನೊಳಗೇ ಬಾಕಿಯನ್ನು ಕಂತುಗಳಾಗಿ ಮಾಡಿಕೊಳ್ಳುವ ಸೌಲಭ್ಯ ಇದಕ್ಕಿಂತ ಭಿನ್ನ ಎಂಬುದನ್ನೂ ಗಮನಿಸಿ. ಅಲ್ಲಿ ಸಾಮಾನ್ಯವಾಗಿ ಆ ಮೊತ್ತ ಮಿತಿಯೊಳಗೇ ಹಿಡಿದಿಟ್ಟಂತೆ ಇರುತ್ತದೆ, ಕಂತು ಕಟ್ಟುತ್ತ ಹೋದ ಹಾಗೆ ಸ್ವಲ್ಪ ಸ್ವಲ್ಪವಾಗಿ ಬಿಡುಗಡೆಯಾಗುತ್ತದೆ. ಬಡ್ಡಿ ಕಡಿಮೆಯಾಗಬಹುದು, ಆದರೆ ಬಳಕೆಯ ಪ್ರಮಾಣ ಕೂಡಲೇ ಇಳಿಯುತ್ತದೆಂದು ಎಣಿಸಬೇಡಿ.

ಲೆಕ್ಕದಪುಸ್ತಕ ಅವರ ಒಂದು ಮಾತಿಗೆ ಸಣ್ಣ ತಿದ್ದುಪಡಿ ಇದೆ. ಬಳಕೆಯ ಪ್ರಮಾಣ ಮುಂದಿನ ತಿಂಗಳೇ ಮರೆತುಹೋಗುತ್ತದೆ ಎಂಬುದು ಹಳೆಯ ಸೂತ್ರಗಳ ಮಟ್ಟಿಗೆ ನಿಜ. 2017ರಲ್ಲಿ ಪ್ರಕಟವಾದ ವ್ಯಾಂಟೇಜ್‌ಸ್ಕೋರ್ 4.0, 2020ರಲ್ಲಿ ಬಂದ ಫೈಕೋ 10ಟಿ ಮುಂತಾದ ಹೊಸ ಸೂತ್ರಗಳು ಹಿಂದಿನ ಸುಮಾರು ಎರಡು ವರ್ಷಗಳ ಬಾಕಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನೂ ನೋಡುತ್ತವೆ. ಅವುಗಳ ಮುಂದೆ ಒಂದು ತಿಂಗಳ ದಿನಾಂಕದ ಹೊಂದಾಣಿಕೆಗೆ ಅಷ್ಟು ಬೆಲೆಯಿಲ್ಲ.

ಲೆಕ್ಕದಪುಸ್ತಕ

ತಿದ್ದುಪಡಿಯನ್ನು ಒಪ್ಪುತ್ತೇನೆ, ನಾನು ಅದನ್ನು ಹೇಳಬೇಕಿತ್ತು. ಪ್ರತಿ ತಿಂಗಳೂ ಪೂರ್ತಿ ಕಟ್ಟುವ ನೀಲಿಶಾಯಿ ಅವರಂಥವರಿಗೆ ಹೊಸ ಸೂತ್ರಗಳು ಅನುಕೂಲವೇ, ಏಕೆಂದರೆ ಬಾಕಿಯನ್ನು ತೀರಿಸುವವರು ಯಾರು, ಎಳೆಯುವವರು ಯಾರು ಎಂಬ ವ್ಯತ್ಯಾಸವನ್ನು ಅವು ಗುರುತಿಸಬಲ್ಲವು. ಸಾಲ ಕೊಡುವವರು ಯಾವ ಸೂತ್ರ ಬಳಸುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ.

ಮೂಲೆಮನೆ

ಎಲ್ಲರೂ ಬಾಕಿಯ ಬಗ್ಗೆ ಮಾತಾಡಿದ್ದೀರಿ. ಭಾಗಿಸುವ ಅಂಕಿಯಾದ ಮಿತಿಯತ್ತಲೂ ಒಮ್ಮೆ ನೋಡಿ. ನನ್ನ ಕಾರ್ಡೊಂದರಲ್ಲಿ 1,00,000 ಮಿತಿಗೆ 20,000 ಬಾಕಿ ಇತ್ತು. ನಾನು ಆ ಕಾರ್ಡನ್ನು ಹೆಚ್ಚು ಬಳಸುತ್ತಿಲ್ಲವೆಂದು ಬ್ಯಾಂಕು ಮಿತಿಯನ್ನು 40,000ಕ್ಕೆ ಇಳಿಸಿತು, ಅದನ್ನು ತಿಳಿಸುವ ಸಂದೇಶ ನೂರಾರು ಜಾಹೀರಾತು ಸಂದೇಶಗಳ ನಡುವೆ ಕಳೆದುಹೋಗಿತ್ತು. ಒಂದೇ ರಾತ್ರಿಯಲ್ಲಿ ನನ್ನ ಬಳಕೆ ಶೇ. 20ರಿಂದ ಶೇ. 50 ಆಗಿತ್ತು. ಬ್ಯಾಂಕಿನೊಂದಿಗೆ ಮಾತಾಡಿದ ಮೇಲೆ ಮಿತಿಯನ್ನು ಮರಳಿ ಕೊಟ್ಟರು, ಆದರೆ ಬ್ಯೂರೋದ ವರದಿಯಲ್ಲಿ ಮತ್ತೂ ಎರಡು ತಿಂಗಳು ಆ ಇಳಿಸಿದ ಮಿತಿಯೇ ಉಳಿದಿತ್ತು. ಬ್ಯೂರೋಗೆ ಲಿಖಿತ ಆಕ್ಷೇಪಣೆ ಸಲ್ಲಿಸಿ, ಬ್ಯಾಂಕಿನ ಪತ್ರ ಲಗತ್ತಿಸಿದ ಮೇಲೆ ಅದು ಸರಿಹೋಯಿತು.

ಆದ್ದರಿಂದ ನೀಲಿಶಾಯಿ ಅವರೇ, ಸ್ಕೋರ್ ಎಂಬ ಒಂದು ಅಂಕಿಯನ್ನು ನೋಡಿ ನಿಲ್ಲಬೇಡಿ. ಪೂರ್ತಿ ವರದಿ ತರಿಸಿ, ಪ್ರತಿ ಕಾರ್ಡ್‌ನ ಎದುರು ವರದಿಯಾದ ಬಾಕಿ, ವರದಿಯಾದ ಮಿತಿ, ವರದಿಯಾದ ದಿನಾಂಕ ಈ ಮೂರನ್ನೂ ಓದಿ. ಕೆಲವು ಬ್ಯಾಂಕುಗಳು ಸ್ಟೇಟ್‌ಮೆಂಟ್ ದಿನದ ಬದಲು ತಿಂಗಳ ಕೊನೆಯ ಲೆಕ್ಕವನ್ನು ಕಳಿಸುತ್ತವೆ. ನಿಮ್ಮ ಬ್ಯಾಂಕು ಏನು ಮಾಡುತ್ತದೆ ಎಂಬುದು ಆ ದಿನಾಂಕದಿಂದಲೇ ತಿಳಿಯುತ್ತದೆ. ಮುಚ್ಚಿಸಿದ ಮೂರನೆಯ ಕಾರ್ಡ್ ಬಾಕಿಯಿಲ್ಲದೆ ಮುಚ್ಚಿದೆ ಎಂದು ದಾಖಲಾಗಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ.

ನೀಲಿಶಾಯಿ

ಐದು ವಾರಗಳ ನಂತರ ಬರೆಯುತ್ತಿದ್ದೇನೆ, ಇದೇ ತೊಂದರೆ ಇರುವವರಿಗೆ ಉಪಯೋಗವಾಗಬಹುದೆಂದು.

ಮೂಲೆಮನೆ ಅವರು ಹೇಳಿದಂತೆ ವರದಿ ತರಿಸಿದೆ. ಮೊದಲ ಕಾರ್ಡ್‌ನ ಎದುರು 78,000 ಎಂದೇ ಇತ್ತು. ವರದಿಯಾದ ದಿನಾಂಕ ಸ್ಟೇಟ್‌ಮೆಂಟ್ ಸಿದ್ಧವಾದ ದಿನವೇ. ಎರಡನೆಯ ಕಾರ್ಡ್‌ನದು ಮಾತ್ರ ತಿಂಗಳ ಕೊನೆಯ ದಿನ. ಇದನ್ನು ನೋಡದಿದ್ದರೆ ಎರಡನೆಯದಕ್ಕೆ ತಪ್ಪು ದಿನಾಂಕ ಇಟ್ಟುಕೊಳ್ಳುತ್ತಿದ್ದೆ. ಮುಚ್ಚಿಸಿದ ಕಾರ್ಡ್ ಬಾಕಿಯಿಲ್ಲದೆ ಮುಚ್ಚಿದೆ ಎಂದೇ ದಾಖಲಾಗಿದೆ. ಈ ತಿಂಗಳು ಎರಡಕ್ಕೂ ಆಯಾ ದಿನಕ್ಕೆ ನಾಲ್ಕು ದಿನ ಮೊದಲು ಹಣ ಕಟ್ಟಿದೆ; ಮೊದಲನೆಯದರಲ್ಲಿ 2,000 ಬಾಕಿ, ಎರಡನೆಯದರಲ್ಲಿ ಶೂನ್ಯ ವರದಿಯಾಗಿದೆ. ಸ್ಕೋರ್ 776ಕ್ಕೆ ಬಂದಿದೆ. ಮಿತಿ ಹೆಚ್ಚಿಸಲು ಕೇಳಿದಾಗ ವಿಚಾರಣೆ ದಾಖಲಾಗುತ್ತದೆ ಎಂದು ಬ್ಯಾಂಕಿನವರು ಹೇಳಿದ್ದರಿಂದ ಅದನ್ನು ಮುಂದೂಡಿದ್ದೇನೆ.

ತಂಗಿಯೊಂದಿಗೆ ಮಾತಾಡಿದೆ. ಮೊದಲು ಆಕೆಗೆ ಬೇಸರವಾಯಿತು, ಆಮೇಲೆ ಎರಡೂ ಸ್ಟೇಟ್‌ಮೆಂಟ್‌ಗಳನ್ನು ತಾನೇ ತಂದು ಮುಂದಿಟ್ಟಳು. ಈ ತಿಂಗಳಿಂದ ಮೊದಲ ಕಾರ್ಡ್‌ಗೆ ಕನಿಷ್ಠ ಮೊತ್ತ ಕಟ್ಟಿ, ಉಳಿಸಲು ಸಾಧ್ಯವಾದದ್ದನ್ನೆಲ್ಲ ಬಡ್ಡಿ ಹೆಚ್ಚಿರುವ ಎರಡನೆಯದಕ್ಕೆ ಹಾಕುವುದೆಂದು ಇಬ್ಬರೂ ಕೂತು ಬರೆದುಕೊಂಡಿದ್ದೇವೆ. ಕಾರ್ಡ್‌ಗಳು ಈಗ ನನ್ನ ಬೀರುವಿನಲ್ಲಿವೆ.